ಅರ್ಜಿಯಲ್ಲಿ ಕಾಣದ ಮಕ್ಕಳು

ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ ಹೊಸ ಚಾರ್ಟರ್ ಶಾಲೆ ತೆರೆಯಲು ಹೊರಟವರು ಮೊದಲು ತಮ್ಮ ಉದ್ದೇಶ ತಿಳಿಸುವ ಪತ್ರ ಕೊಡುತ್ತಾರೆ, ಆಮೇಲೆ ಅರ್ಜಿ. ಲಗತ್ತುಗಳೆಲ್ಲ ಸೇರಿದರೆ ಈ ಅರ್ಜಿ ಕೆಲವು ನೂರು ಪುಟವಾಗುವುದು ಸಾಮಾನ್ಯ. ಪಠ್ಯಕ್ರಮ ಯಾವುದು, ಶಾಲೆ ಎಷ್ಟು ಹೊತ್ತು ನಡೆಯುತ್ತದೆ, ಶಿಕ್ಷಕರು ಎಲ್ಲಿಂದ ಬರುತ್ತಾರೆ, ಶಿಸ್ತಿನ ನಿಯಮಗಳೇನು, ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ, ಕಟ್ಟಡ ಎಲ್ಲಿ, ಬಸ್ಸು ಉಂಟೋ ಇಲ್ಲವೋ, ಖರ್ಚುವೆಚ್ಚ ಹೇಗೆ ಸರಿದೂಗುತ್ತದೆ, ಎಲ್ಲವನ್ನೂ ಬರೆಯಬೇಕು. ಪರಿಶೀಲನಾ ಸಮಿತಿ ಅದನ್ನು ಓದಿ, ಅರ್ಜಿದಾರರನ್ನು ಕರೆಸಿ ಪ್ರಶ್ನಿಸುತ್ತದೆ. ಶಿಕ್ಷಣ, ಆಡಳಿತ, ಹಣಕಾಸು ಎಂಬ ಮೂರು ಭಾಗಗಳಿಗೂ ಮಾನದಂಡ ಮುಟ್ಟಿದೆ, ಭಾಗಶಃ ಮುಟ್ಟಿದೆ, ಮುಟ್ಟಿಲ್ಲ ಎಂದು ಷರಾ ಬರೆಯುತ್ತದೆ. ಸ್ಥಳೀಯ ಶಾಲಾ ಮಂಡಳಿ 90 ದಿನದೊಳಗೆ ತೀರ್ಮಾನ ಹೇಳಬೇಕು. ತಿರಸ್ಕರಿಸಿದರೆ ತಿದ್ದಿ ಮತ್ತೆ ಸಲ್ಲಿಸಬಹುದು. ಆಗಲೂ ಆಗದಿದ್ದರೆ ರಾಜ್ಯ ಮಟ್ಟಕ್ಕೆ ಮೇಲ್ಮನವಿ ಹೋಗುತ್ತದೆ.

ಒಂದು ಶಾಲೆ ಹುಟ್ಟುವ ಮೊದಲೇ ಇಷ್ಟು ಪ್ರಶ್ನೆ ಕೇಳುವ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಮನ್ನಣೆ ಕೊಡುವ ಕಚೇರಿಯಲ್ಲಿ ಕಡತ ಹೇಗೆ ಚಲಿಸಿತು ಎಂಬುದು ಯಾರಿಗೂ ತಿಳಿಯದ ವ್ಯವಸ್ಥೆಗಿಂತ ಇದು ಎಷ್ಟೋ ಮೇಲು. ಅರ್ಜಿ ಸಾರ್ವಜನಿಕ ದಾಖಲೆ, ಷರಾ ಸಾರ್ವಜನಿಕ ದಾಖಲೆ, ತೀರ್ಮಾನವೂ ಬಹಿರಂಗ ಸಭೆಯಲ್ಲೇ. ಆದರೆ ಎರಡು ದಶಕಗಳ ಟೆನ್ನೆಸ್ಸಿಯ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ, ಈ ಅರ್ಜಿ ಪದ್ಧತಿ ಎಲ್ಲವನ್ನೂ ಕೇಳಿ ಮುಖ್ಯವಾದ ಒಂದನ್ನು ಬಿಟ್ಟಿದೆ ಎಂದೇ ಹೇಳಬೇಕಾಗುತ್ತದೆ. ಸೋಲುತ್ತಿರುವ ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಶಾಲೆ ತೆರೆಯುತ್ತೇವೆ ಎನ್ನುವವರು, ಆ ಶಾಲೆಯ ಎಲ್ಲ ಮಕ್ಕಳನ್ನೂ, ಯಾವ ತಿಂಗಳಲ್ಲಿ ಬಂದರೂ, ಯಾವ ಸ್ಥಿತಿಯಲ್ಲಿ ಬಂದರೂ ಸೇರಿಸಿಕೊಳ್ಳುತ್ತಾರೆಯೇ? ಸೇರಿಸಿಕೊಂಡ ಮೇಲೆ ಕಷ್ಟ ಬಂತೆಂದು ಎದ್ದು ಹೋಗುವುದಿಲ್ಲವೇ?

ಚಾರ್ಟರ್ ಶಾಲೆ ಎಂದಾಗ ಕನ್ನಡದ ಓದುಗರಿಗೆ ನಮ್ಮ ಅನುದಾನಿತ ಶಾಲೆ ನೆನಪಾಗಬಹುದು. ಹಣ ಸರ್ಕಾರದ್ದು, ಆಡಳಿತ ಖಾಸಗಿ ಮಂಡಳಿಯದು ಎನ್ನುವಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಚಾರ್ಟರ್ ಶಾಲೆ ಮಕ್ಕಳಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಸೀಟಿಗಿಂತ ಹೆಚ್ಚು ಮಕ್ಕಳು ಬಂದರೆ ಲಾಟರಿ ಎತ್ತಬೇಕು. ಕರಾರಿಗೆ ಅವಧಿ ಇದೆ, ಟೆನ್ನೆಸ್ಸಿಯಲ್ಲಿ 10 ವರ್ಷ. ಮಕ್ಕಳು ಕಲಿಯದಿದ್ದರೆ ಶಾಲೆಯನ್ನು ಮುಚ್ಚಿಸಬಹುದು. ಇಂಥ ಮೊದಲ ಕಾನೂನು 1991ರಲ್ಲಿ ಮಿನ್ನೆಸೋಟದಲ್ಲಿ ಬಂತು. ಅದಕ್ಕೂ ಮೊದಲು, 1988ರಲ್ಲಿ, ಈ ವಿಚಾರವನ್ನು ದೇಶದ ಮುಂದಿಟ್ಟವರಲ್ಲಿ ಪ್ರಮುಖರು ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್. ಮುಂದೆ ಅವರೇ ಅದರ ಟೀಕಾಕಾರರಾದರು.

ಟೆನ್ನೆಸ್ಸಿ 2002ರಲ್ಲಿ ತನ್ನ ಕಾನೂನು ಮಾಡಿದಾಗ ಅದರಲ್ಲೊಂದು ಷರತ್ತು ಹಾಕಿತ್ತು. ಹೊಸ ಶಾಲೆಗೆ ಸೇರಬೇಕಾದರೆ ಆ ಮಗು ಸೋಲುತ್ತಿರುವ ಸರ್ಕಾರಿ ಶಾಲೆಯಲ್ಲಿ ಓದುತ್ತಿರಬೇಕು, ಅಥವಾ ಅಂಥ ಶಾಲೆಯ ವ್ಯಾಪ್ತಿಗೆ ಸೇರಿರಬೇಕು. ಉಳಿದವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಈ ಷರತ್ತಿನ ವಿರುದ್ಧ ಆಗಲೂ ದೂರುಗಳಿದ್ದವು, ದಾಖಲಾತಿ ತುಂಬುವುದಿಲ್ಲ ಎಂದು. ನನ್ನ ಮಟ್ಟಿಗೆ ಇಡೀ ಕಾನೂನಿನ ಮರ್ಯಾದೆ ಇದ್ದದ್ದೇ ಆ ಷರತ್ತಿನಲ್ಲಿ. ಸಾರ್ವಜನಿಕ ಹಣವನ್ನು ಖಾಸಗಿ ಮಂಡಳಿಯ ಕೈಗೆ ಕೊಡುವುದಾದರೆ ಅದು ಯಾರಿಗಾಗಿ ಎಂದು ಅದು ಹೆಸರಿಟ್ಟು ಹೇಳುತ್ತಿತ್ತು. 2009ರಲ್ಲಿ ಬಾಗಿಲು ಸ್ವಲ್ಪ ಅಗಲವಾಗಿ, ಬಡ ಕುಟುಂಬದ ಮಕ್ಕಳಿಗೂ ಅವಕಾಶ ಸಿಕ್ಕಿತು. ಅದು ನ್ಯಾಯವೇ. 2011ರಲ್ಲಿ ಷರತ್ತನ್ನೇ ತೆಗೆದುಹಾಕಲಾಯಿತು.

ಪರಿಣಾಮ ಕಾಣಲು ಹೆಚ್ಚು ಕಾಯಬೇಕಾಗಲಿಲ್ಲ. 2012ರಲ್ಲಿ ಅರಿಜೋನಾದ ಗ್ರೇಟ್ ಹಾರ್ಟ್ಸ್ ಸಂಸ್ಥೆ ನ್ಯಾಶ್‌ವಿಲ್‌ನಲ್ಲಿ ಶಾಲೆ ತೆರೆಯಲು ಅರ್ಜಿ ಹಾಕಿತು. ಕಣ್ಣಿಟ್ಟದ್ದು ಉಳ್ಳವರು ಹೆಚ್ಚಾಗಿರುವ ನಗರದ ಪಶ್ಚಿಮ ಭಾಗದ ಮೇಲೆ. ದೂರದ ಬಡ ಮಕ್ಕಳು ಅಲ್ಲಿಗೆ ಬರುವುದು ಹೇಗೆ, ಶಾಲೆಯಲ್ಲಿ ಎಲ್ಲ ವರ್ಗದ ಮಕ್ಕಳೂ ಇರುವಂತೆ ನೋಡಿಕೊಳ್ಳುವುದು ಹೇಗೆ ಎಂದು ನಗರದ ಶಾಲಾ ಮಂಡಳಿ ಕೇಳಿತು. ಉತ್ತರ ಸಮಾಧಾನ ತರಲಿಲ್ಲ, ಅರ್ಜಿ ತಿರಸ್ಕೃತವಾಯಿತು. ಮೇಲ್ಮನವಿಯಲ್ಲಿ ರಾಜ್ಯ ಮಂಡಳಿ ಒಪ್ಪಿಗೆ ಕೊಡಿ ಎಂದು ಸೂಚಿಸಿದರೂ ನಗರದ ಮಂಡಳಿ ಮಣಿಯಲಿಲ್ಲ. ಕಾನೂನು ಮೀರಿದ್ದಕ್ಕೆ ದಂಡವಾಗಿ ರಾಜ್ಯ ಸರ್ಕಾರ ಸುಮಾರು 34 ಲಕ್ಷ ಡಾಲರ್ ತಡೆಹಿಡಿಯಿತು. ಕಾನೂನಿನ ಅಕ್ಷರ ಹಿಡಿದರೆ ಮಂಡಳಿ ತಪ್ಪು ಮಾಡಿತು. ಆದರೆ ಅದು ಕೇಳಿದ ಪ್ರಶ್ನೆಗಳು ಹತ್ತು ವರ್ಷ ಮೊದಲು ಕಾನೂನೇ ಕೇಳುತ್ತಿದ್ದ ಪ್ರಶ್ನೆಗಳು. 2022ರ ಹೊತ್ತಿಗೆ, ಹಿಲ್ಸ್‌ಡೇಲ್ ಕಾಲೇಜಿನ ಜೊತೆ ಸಂಬಂಧವಿದ್ದ ಸಂಸ್ಥೆಯೊಂದು ಮೂರು ಕೌಂಟಿಗಳಲ್ಲಿ ಅರ್ಜಿ ಹಾಕಿ, ತಿರಸ್ಕೃತವಾಗಿ, ಮೇಲ್ಮನವಿಯನ್ನು ಹಿಂತೆಗೆದುಕೊಂಡಾಗ, ರಾಜ್ಯದಲ್ಲಿ ಚರ್ಚೆ ಚರಿತ್ರೆಯ ಪಾಠ ಹೇಗಿರಬೇಕು, ಶಿಕ್ಷಕರ ಬಗ್ಗೆ ಯಾರು ಏನಂದರು ಎಂಬುದರ ಸುತ್ತ ತಿರುಗುತ್ತಿತ್ತು. ಸೋಲುತ್ತಿರುವ ಶಾಲೆಯ ಮಗು ಆ ಚರ್ಚೆಯ ಅಂಚಿಗೂ ಬರಲಿಲ್ಲ.

ಇನ್ನೊಂದು ಕಡೆ, ಅದೇ ರಾಜ್ಯದಲ್ಲಿ, ಇದಕ್ಕೆ ತದ್ವಿರುದ್ಧವಾದ ಪ್ರಯೋಗವೂ ನಡೆಯಿತು. ಚಾರ್ಟರ್ ಶಾಲೆಗಳ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ಅದನ್ನು ಗಮನವಿಟ್ಟು ಓದಬೇಕು.

2010ರಲ್ಲಿ ಒಬಾಮಾ ಸರ್ಕಾರದ ‘ರೇಸ್ ಟು ದಿ ಟಾಪ್’ ಸ್ಪರ್ಧೆಯಲ್ಲಿ ಟೆನ್ನೆಸ್ಸಿಗೆ 50 ಕೋಟಿ ಡಾಲರ್ ಸಿಕ್ಕಿತು. ಆ ಸ್ಪರ್ಧೆಗಾಗಿ ರೂಪಿಸಿದ ಯೋಜನೆಯ ಭಾಗವಾಗಿ ‘ಅಚೀವ್‌ಮೆಂಟ್ ಸ್ಕೂಲ್ ಡಿಸ್ಟ್ರಿಕ್ಟ್’ ಹುಟ್ಟಿಕೊಂಡಿತು. ರಾಜ್ಯದ ಅತಿ ಹಿಂದುಳಿದ ಶೇ. 5ರಷ್ಟು ಶಾಲೆಗಳಿಂದ ಕೆಲವನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು, ಹೆಚ್ಚಿನವನ್ನು ಚಾರ್ಟರ್ ಸಂಸ್ಥೆಗಳಿಗೆ ವಹಿಸುವುದು, ಐದು ವರ್ಷದಲ್ಲಿ ಅವನ್ನು ಮೇಲಿನ ಶೇ. 25ರ ಪಟ್ಟಿಗೆ ತರುವುದು ಗುರಿ. ಮುಖ್ಯಸ್ಥರಾಗಿ ಬಂದವರು ಕ್ರಿಸ್ ಬಾರ್ಬಿಕ್, ಹ್ಯೂಸ್ಟನ್ನಿನಲ್ಲಿ ‘ಯೆಸ್ ಪ್ರೆಪ್’ ಶಾಲೆಗಳನ್ನು ಕಟ್ಟಿ ಹೆಸರು ಮಾಡಿದವರು. 2012ರಲ್ಲಿ ಆರು ಶಾಲೆಗಳಿಂದ ಕೆಲಸ ಶುರುವಾಯಿತು. ಬಹುಪಾಲು ಶಾಲೆಗಳು ಮೆಂಫಿಸ್‌ನವು, ಕಪ್ಪು ಜನರ ಬಡ ಬಡಾವಣೆಗಳವು. ಇಲ್ಲಿ ಮಾತ್ರ ಲಾಟರಿ ಎತ್ತಿ ಮಕ್ಕಳನ್ನು ತುಂಬಿಕೊಳ್ಳುವ ಹಾಗಿರಲಿಲ್ಲ. ಆ ಬಡಾವಣೆಯ ಮಗು ಆ ಶಾಲೆಯ ಮಗು.

ಮೂರು ವರ್ಷದ ನಂತರ, 2015ರ ಜುಲೈನಲ್ಲಿ, ಬಾರ್ಬಿಕ್ ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಆಗ ಅವರು ಬರೆದ ಪತ್ರದಲ್ಲಿ ಒಂದು ಮಾತಿದೆ: ಚಾರ್ಟರ್ ಶಾಲೆ ಕಟ್ಟಿದವನಾಗಿ ತಾನು ಫಲಿತಾಂಶ ತೋರಿಸಿ ಎದೆ ತಟ್ಟಿಕೊಂಡದ್ದುಂಟು, ಆದರೆ ಬಡಾವಣೆಯ ಎಲ್ಲ ಮಕ್ಕಳೂ ಬರುವ ಶಾಲೆಯಲ್ಲಿ ಅದೇ ಫಲಿತಾಂಶ ತರುವುದು ಬಹಳ ಹೆಚ್ಚು ಕಷ್ಟ ಎಂಬರ್ಥದ್ದು. ಚಾರ್ಟರ್ ಚಳವಳಿಯೊಳಗಿನವರೇ ಹೇಳಿದ ಇಷ್ಟು ಪ್ರಾಮಾಣಿಕ ಮಾತು ಅಪರೂಪ. ಅದೇ ವರ್ಷದ ಕೊನೆಗೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಅಧ್ಯಯನ ಮುಂದಿಟ್ಟರು. ಈ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಂಡಿರಲಿಲ್ಲ. ಅದೇ ಕಾಲದಲ್ಲಿ ಮೆಂಫಿಸ್‌ನ ಸರ್ಕಾರಿ ವ್ಯವಸ್ಥೆಯೇ ‘ಐ-ಝೋನ್’ ಎಂಬ ಹೆಸರಿನಲ್ಲಿ ನಡೆಸಿದ ಶಾಲೆಗಳು ಮಾತ್ರ ಮುಂದೆ ಬಂದಿದ್ದವು. ಅಲ್ಲಿ ಮುಖ್ಯ ಶಿಕ್ಷಕರಿಗೆ ಸಿಬ್ಬಂದಿ ಆರಿಸುವ ಸ್ವಾತಂತ್ರ್ಯವಿತ್ತು, ಶಾಲೆಯ ದಿನ ದೀರ್ಘವಾಗಿತ್ತು, ನುರಿತ ಶಿಕ್ಷಕರಿಗೆ ಹೆಚ್ಚಿನ ಸಂಭಾವನೆಯಿತ್ತು. ಆ ಶಿಕ್ಷಕರಲ್ಲಿ ಅನೇಕರು ಬಂದದ್ದು ಅಕ್ಕಪಕ್ಕದ ಸರ್ಕಾರಿ ಶಾಲೆಗಳಿಂದ ಎಂಬುದನ್ನೂ ಮರೆಯಬಾರದು. ಒಂದು ಶಾಲೆಯ ಗಳಿಕೆಯಲ್ಲಿ ಇನ್ನೊಂದರ ನಷ್ಟವೂ ಇತ್ತು.

ಮೆಂಫಿಸ್‌ನಲ್ಲಿ ಎಡವಿದವರು ಅರ್ಜಿ ಬರೆಯಲು ಬಾರದವರಲ್ಲ. ಅವರ ಅರ್ಜಿಗಳು ಪರೀಕ್ಷೆ ದಾಟಿದ್ದವು, ಹಿನ್ನೆಲೆ ಗಟ್ಟಿಯಾಗಿತ್ತು. ಎಡವಿದ್ದು ಎಲ್ಲಿ ಎಂದು ತಿಳಿಯಲು ಅರ್ಜಿಯಲ್ಲಿರುವ ಒಂದೇ ಒಂದು ಕೋಷ್ಟಕ ನೋಡಿದರೆ ಸಾಕು, ದಾಖಲಾತಿಯ ಕೋಷ್ಟಕ. ಸಾಮಾನ್ಯ ಚಾರ್ಟರ್ ಅರ್ಜಿಯಲ್ಲಿ ಅದು ಮೆಟ್ಟಿಲಿನ ಹಾಗೆ ಏರುತ್ತದೆ. ಮೊದಲ ವರ್ಷ ಆರನೇ ತರಗತಿ ಮಾತ್ರ. ಮರುವರ್ಷ ಆ ಮಕ್ಕಳು ಏಳಕ್ಕೆ ಹೋಗುತ್ತಾರೆ, ಹೊಸಬರು ಆರಕ್ಕೆ ಬರುತ್ತಾರೆ. ಹೀಗೆ ವರ್ಷಕ್ಕೊಂದು ತರಗತಿ. ಶಾಲೆಯ ಸಂಸ್ಕೃತಿ ಕಟ್ಟಲು ಇದು ಒಳ್ಳೆಯ ದಾರಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೋಷ್ಟಕದ ಪ್ರತಿ ಮಗುವೂ ಆಗಸ್ಟ್‌ನಲ್ಲಿ ಬಂದು ಮೇ ತಿಂಗಳವರೆಗೆ ಕೂರುವ ಮಗು. ಬಾಡಿಗೆ ಕಟ್ಟಲಾಗದೆ ಜನವರಿಯಲ್ಲಿ ಮನೆ ಖಾಲಿ ಮಾಡಿದ ತಾಯಿಯ ಮಗು ಅಲ್ಲಿಲ್ಲ. ಎಂಟನೇ ತರಗತಿಗೆ ಬಂದರೂ ಮೂರನೇ ತರಗತಿಯ ಪುಸ್ತಕ ಓದಲಾಗದ ಹುಡುಗ ಅಲ್ಲಿಲ್ಲ, ಏಕೆಂದರೆ ಎಂಟನೇ ತರಗತಿಯೇ ಇನ್ನೂ ತೆರೆದಿಲ್ಲ. ಮಧ್ಯೆ ಒಬ್ಬ ಬಿಟ್ಟುಹೋದರೆ ಆ ಸೀಟನ್ನು ತುಂಬುತ್ತೀರಾ ಎಂಬ ಪ್ರಶ್ನೆಗೆ ಹೌದು ಎನ್ನುವವರದು ಒಂದು ಬಗೆಯ ಶಾಲೆ, ಇಲ್ಲ ಎನ್ನುವವರದು ಇನ್ನೊಂದು ಬಗೆಯದು. ಎರಡರ ಪರೀಕ್ಷಾ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಅನ್ಯಾಯ.

ಮೆಂಫಿಸ್‌ನ ಶಾಲೆಗಳಿಗೆ ಈ ಮೆಟ್ಟಿಲಿನ ಸೌಕರ್ಯ ಬಹುಮಟ್ಟಿಗೆ ಸಿಗಲಿಲ್ಲ. ಸಿಕ್ಕಿದ್ದು ಕರಗುತ್ತಿರುವ ಬಡಾವಣೆಗಳು. ಜನ ಊರು ಬಿಡುತ್ತಿದ್ದರು, ಮಕ್ಕಳ ಸಂಖ್ಯೆ ಇಳಿಯುತ್ತಿತ್ತು, ಮಗುವಿನ ತಲೆಗೆ ಇಷ್ಟೆಂದು ಬರುವ ಹಣವೂ ಇಳಿಯುತ್ತಿತ್ತು. 2015ರಲ್ಲಿ ಬಾರ್ಬಿಕ್ ಅವರೇ ಕಟ್ಟಿದ ಯೆಸ್ ಪ್ರೆಪ್, ಮೆಂಫಿಸ್‌ನಲ್ಲಿ ಶಾಲೆ ತೆರೆಯುವ ಮೊದಲೇ ಹಿಂದೆ ಸರಿಯಿತು. 2016ರಲ್ಲಿ ಗೆಸ್ಟಾಲ್ಟ್ ಎಂಬ ಸ್ಥಳೀಯ ಸಂಸ್ಥೆ, ದಾಖಲಾತಿ ಸಾಲದು ಎಂದು ತನ್ನ ಎರಡು ಶಾಲೆಗಳನ್ನು ಬಿಟ್ಟುಕೊಡಲು ತೀರ್ಮಾನಿಸಿತು. ಅವುಗಳಲ್ಲಿ ಕ್ಲೋಂಡೈಕ್ ಶಾಲೆಯನ್ನು ವಹಿಸಿಕೊಳ್ಳಲು ಯಾರೂ ಸಿಗದೆ ಅದು ಮುಚ್ಚಿಯೇ ಹೋಯಿತು. 2020ರಲ್ಲಿ ದೇಶದ ಅತಿ ದೊಡ್ಡ ಚಾರ್ಟರ್ ಜಾಲಗಳಲ್ಲೊಂದಾದ ಕಿಪ್ ಅಲ್ಲಿನ ತನ್ನ ಶಾಲೆಗಳಲ್ಲಿ ಎರಡನ್ನು ಮುಚ್ಚಿತು. ಸರ್ಕಾರಿ ಶಾಲೆ ಸೋತಿದೆ ಎಂದು ಅದನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟ ಬಡಾವಣೆಯಲ್ಲಿ, ಆ ಇನ್ನೊಬ್ಬರೂ ಹೋದ ಮೇಲೆ, ಮಕ್ಕಳು ಬೆಳಿಗ್ಗೆ ಯಾವ ಬಸ್ಸು ಹತ್ತಬೇಕು? ಅರ್ಜಿಯ ನೂರಾರು ಪುಟಗಳಲ್ಲಿ ಇದಕ್ಕೆ ಒಂದು ಗಟ್ಟಿ ಉತ್ತರ ಬೇಕಿತ್ತು.

ಹಾಗೆಂದು ಇಂಥ ಕೆಲಸ ಆಗುವುದೇ ಇಲ್ಲ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಬಾಸ್ಟನ್ನಿನಲ್ಲಿ 2011ರಲ್ಲಿ ಗ್ಯಾವಿನ್ ಎಂಬ ಮಾಧ್ಯಮಿಕ ಶಾಲೆಯನ್ನು ‘ಯುಪಿ ಅಕಾಡೆಮಿ’ ವಹಿಸಿಕೊಂಡಾಗ, ಅಲ್ಲಿ ಆಗಲೇ ಓದುತ್ತಿದ್ದ ಮಕ್ಕಳಿಗೆ ಸೀಟು ಖಾತ್ರಿಯಾಗಿತ್ತು. ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ ಮತ್ತು ಸಂಗಡಿಗರು ಲೆಕ್ಕಹಾಕಿದಾಗ, ಲಾಟರಿಯಿಲ್ಲದೆ ಇದ್ದಲ್ಲೇ ಉಳಿದ ಆ ಮಕ್ಕಳ ಕಲಿಕೆಯೂ ಏರಿತ್ತು. ಚಾರ್ಟರ್ ಶಾಲೆ ಗೆಲ್ಲುವುದು ಆಸಕ್ತ ಪೋಷಕರ ಮಕ್ಕಳನ್ನು ಹೆಕ್ಕಿಕೊಳ್ಳುವುದರಿಂದ ಮಾತ್ರ ಎಂಬ ವಾದಕ್ಕೆ ಇದು ಗಟ್ಟಿ ಉತ್ತರ. ಹ್ಯೂಸ್ಟನ್ನಿನಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಬೇರೆ ದಾರಿ ಹಿಡಿದರು. ಒಳ್ಳೆಯ ಚಾರ್ಟರ್ ಶಾಲೆಗಳ ರೂಢಿಗಳನ್ನು, ಅಂದರೆ ಹೆಚ್ಚು ಸಮಯ, ದಿನವೂ ಪುಟ್ಟ ಗುಂಪಿಗೆ ಮನೆಪಾಠದಂಥ ಬೋಧನೆ, ಮುಖ್ಯ ಶಿಕ್ಷಕರ ಬದಲಾವಣೆ ಮುಂತಾದವನ್ನು, ಸರ್ಕಾರಿ ಶಾಲೆಗಳಿಗೇ ತಂದರು. ಗಣಿತದಲ್ಲಿ ಫಲ ಚೆನ್ನಾಗಿತ್ತು, ಓದಿನಲ್ಲಿ ಅಷ್ಟಿಲ್ಲ.

ನ್ಯೂ ಆರ್ಲಿಯನ್ಸ್ ಕಥೆಯಲ್ಲಿ ಮೆಚ್ಚುವುದೂ ನೋಯುವುದೂ ಒಟ್ಟಿಗೇ ಇದೆ. 2005ರ ಕತ್ರಿನಾ ಚಂಡಮಾರುತದ ನಂತರ ಆ ನಗರದ ಶಾಲೆಗಳೆಲ್ಲ ಕ್ರಮೇಣ ಚಾರ್ಟರ್ ಆದವು. ಟುಲೇನ್ ವಿಶ್ವವಿದ್ಯಾಲಯದ ಅಧ್ಯಯನಗಳು ಮಕ್ಕಳ ಕಲಿಕೆ ಗಣನೀಯವಾಗಿ ಏರಿದ್ದನ್ನು ತೋರಿಸಿವೆ. ಆದರೆ ಅದಕ್ಕೂ ಮೊದಲು 7,000ಕ್ಕೂ ಹೆಚ್ಚು ಶಾಲಾ ನೌಕರರು ಕೆಲಸ ಕಳೆದುಕೊಂಡಿದ್ದರು, ಅವರಲ್ಲಿ ದೊಡ್ಡ ಪಾಲು ಕಪ್ಪು ಶಿಕ್ಷಕಿಯರು. ಅಂಗವಿಕಲ ಮಕ್ಕಳನ್ನು ಶಾಲೆಗಳು ಸೇರಿಸಿಕೊಳ್ಳುತ್ತಿಲ್ಲ, ಸೇರಿದವರಿಗೆ ಬೇಕಾದ ನೆರವು ಸಿಗುತ್ತಿಲ್ಲ ಎಂದು 2010ರಲ್ಲಿ ಪೋಷಕರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆ ಮಕ್ಕಳ ಕುರಿತ ಒಂದು ಅಧ್ಯಾಯ ಪ್ರತಿ ಅರ್ಜಿಯಲ್ಲೂ ಇರುತ್ತದೆ. ಕಾಗದದಲ್ಲಿ ಅದು ಎಂದೂ ತಪ್ಪಿಲ್ಲ. 2024ರ ಆಗಸ್ಟ್‌ನಲ್ಲಿ ನಗರದ ಶಾಲಾ ಮಂಡಳಿ ತಾನೇ ನಡೆಸುವ ಒಂದು ಶಾಲೆ ತೆರೆಯಿತು. ಚಾರ್ಟರ್ ಸಂಸ್ಥೆಗಳು ಬಂದು ಹೋಗುವಾಗ ಕೊನೆಗೆ ನಿಲ್ಲುವವರು ಯಾರಾದರೂ ಇರಬೇಕು ಎಂಬ ತಿಳಿವಳಿಕೆ ಅಲ್ಲಿಗೂ ಬಂದಂತಿದೆ.

ನಾವು ಇದನ್ನೆಲ್ಲ ದೂರದ ದೇಶದ ಸುದ್ದಿ ಎಂದು ಬದಿಗಿಡುವ ಹಾಗಿಲ್ಲ. 2017ರಲ್ಲಿ ನೀತಿ ಆಯೋಗ ತನ್ನ ಮೂರು ವರ್ಷದ ಕಾರ್ಯಸೂಚಿಯಲ್ಲಿ, ಸರ್ಕಾರಿ ಶಾಲೆಗಳನ್ನು ಖಾಸಗಿಯವರು ದತ್ತು ಪಡೆದು ಮಗುವಿಗೆ ಇಷ್ಟೆಂದು ಸರ್ಕಾರದಿಂದ ಹಣ ಪಡೆಯುವ ಮಾದರಿಯನ್ನು ಪರಿಶೀಲಿಸಬಹುದು ಎಂದು ಬರೆದಿತ್ತು. ಆ ಮಾತು ಮತ್ತೆ ಮತ್ತೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಬಂದಾಗ ಅರ್ಜಿದಾರರ ಕಟ್ಟಡದ ಚಿತ್ರ, ಸ್ಮಾರ್ಟ್ ಕ್ಲಾಸಿನ ಯೋಜನೆ, ದಾನಿಗಳ ಪಟ್ಟಿ ಇವುಗಳಿಗೆ ಬೆರಗಾಗುವುದು ಸುಲಭ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದ ಕುಟುಂಬದ ಮಗು ನವೆಂಬರ್‌ನಲ್ಲಿ, ಟಿ.ಸಿ. ಇಲ್ಲದೆ, ಶಾಲೆಯ ಗೇಟಿನ ಮುಂದೆ ನಿಂತರೆ ಇಂದು ಅದನ್ನು ಸೇರಿಸಿಕೊಳ್ಳುವುದು ಸರ್ಕಾರಿ ಶಾಲೆ. ಅದರ ಫಲಿತಾಂಶ ಕಡಿಮೆ ಕಾಣುವುದಕ್ಕೆ ಆ ಔದಾರ್ಯವೂ ಒಂದು ಕಾರಣ.

ಟೆನ್ನೆಸ್ಸಿಯ ಅರ್ಜಿ ಪದ್ಧತಿಯ ಬಗ್ಗೆ ನನ್ನ ತೀರ್ಮಾನ ಇಷ್ಟು: ಅದು ಅರ್ಜಿದಾರರ ಯೋಗ್ಯತೆಯನ್ನು ಚೆನ್ನಾಗಿ ಅಳೆಯುತ್ತದೆ, ಅವರ ಬದ್ಧತೆಯನ್ನು ಅಳೆಯುವುದಿಲ್ಲ. 2002ರ ಷರತ್ತನ್ನು ತೆಗೆದುಹಾಕಿದ್ದು ಆ ರಾಜ್ಯದ ದೊಡ್ಡ ತಪ್ಪು. ನಮ್ಮಲ್ಲಿ ಇಂಥ ಅರ್ಜಿಗಳು ಬಂದರೆ ಎಸ್‌ಡಿಎಂಸಿಯ ಪೋಷಕರು, ಶಿಕ್ಷಕರು, ಶಾಸಕರು ಪಠ್ಯಕ್ರಮದ ಪುಟ ತೆರೆಯುವ ಮೊದಲು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು: ಈ ಬಡಾವಣೆಯ ಎಲ್ಲ ಮಕ್ಕಳಿಗೂ ಸೀಟು ಉಂಟೇ, ವರ್ಷದ ಮಧ್ಯೆ ಬಂದವರನ್ನು ಸೇರಿಸಿಕೊಳ್ಳುತ್ತೀರಾ, ನೀವು ಬಿಟ್ಟುಹೋದ ದಿನ ಈ ಮಕ್ಕಳ ಹೊಣೆ ಯಾರದು. ಉತ್ತರ ಸ್ಪಷ್ಟವಾಗಿಲ್ಲದ ಅರ್ಜಿಯನ್ನು, ಉಳಿದ ಪುಟಗಳು ಎಷ್ಟೇ ಚೆನ್ನಾಗಿದ್ದರೂ, ತಿರಸ್ಕರಿಸಿ.