ಕಾಯುವವರ ಕಾವ್ಯ

ಮಳೆಗೆ ಕಾಯುವುದೆಂದರೇನೆಂದು ಮೊಳಕಾಲ್ಮೂರಿನ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಪಾದ್ರಿ ಜಾನ್ ಹ್ಯಾಂಡ್ಸ್, ಸಂಗಡಿಗರೊಡನೆ ಸುಮಾರು 20 ವರ್ಷ ದುಡಿದು ಬೈಬಲನ್ನು ಕನ್ನಡಕ್ಕೆ ತಂದರು. ಮುಂದೆ ಪರಿಷ್ಕಾರಗೊಂಡ ಕನ್ನಡ ಬೈಬಲಿನ ‘ಕೀರ್ತನೆಗಳು’ ಇಂದಿಗೂ ಎಷ್ಟೋ ಕ್ರೈಸ್ತ ಮನೆಗಳ ನಿತ್ಯಪಾಠ. ಹೆಸರು ನಮ್ಮ ದಾಸರಿಗೂ ಪ್ರಿಯವಾದದ್ದು. ಸತ್ವವೂ ನಮಗೆ ದೂರದ್ದಲ್ಲ. ಒಣನೆಲದಂತೆ ಬಾಯಾರಿದ ಭಕ್ತ, ಇನ್ನೆಷ್ಟು ಕಾಲವೆಂದು ದೇವರನ್ನೇ ತಗಾದೆ ಮಾಡುತ್ತಾನೆ. ಮರುದಿನ ಬೆಳಗ್ಗೆ ಮತ್ತೆ ಪ್ರಾರ್ಥನೆಗೆ ಕೂರುತ್ತಾನೆ. ಇಲ್ಲಿ ತಾಳ್ಮೆಯೆಂದರೆ ಬಾಯಿಮುಚ್ಚಿಕೊಂಡಿರುವುದಲ್ಲ, ಜಗಳವಾಡಿಯೂ ಬಾಗಿಲು ಬಿಡದಿರುವುದು. ವಾಕ್ಯಗಳು ಅಲ್ಲಲ್ಲಿ ತೊಡರುತ್ತವೆ, ನಿಜ. ಆದರೆ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಕಾವ್ಯವೆಂದು ಮೆಚ್ಚಿದ ನಮ್ಮ ವಿಮರ್ಶೆ, ಇದನ್ನು ಬಹುಮಟ್ಟಿಗೆ ಚರ್ಚಿನೊಳಗೇ ಬಿಟ್ಟುಬಂದಿದೆ. ನಷ್ಟ ಚರ್ಚಿಗಲ್ಲ, ಕನ್ನಡಕ್ಕೆ.