ಆಸ್ಕರ್ ಮಿಶೋವಿನ ಮೂಕಚಿತ್ರಗಳನ್ನು ನೋಡುವ ಬಗೆ

ಮಿಶೋವಿನ ಮೂಕಚಿತ್ರವನ್ನು ಮೊದಲ ಸಲ ನೋಡಲು ಕುಳಿತ ರಸಿಕನು, ಬೆಳಕಿನ ಏರುಪೇರನ್ನೂ, ಕೆಲವು ನಟರ ಹದವರಿಯದ ಅಭಿನಯವನ್ನೂ, ಒಮ್ಮೆ ಹಿಡಿದ ದೃಶ್ಯವನ್ನು ಮತ್ತೆ ತಿದ್ದದ ಅವಸರವನ್ನೂ ಕಂಡು ಬೇಸರಗೊಳ್ಳುವ ಸಂಭವವುಂಟು. ಆ ದೋಷಗಳು ನಿಜವಾದುವೇ. ಅವುಗಳ ಮೂಲ ದಾರಿದ್ರ್ಯ. 1884ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಜನಿಸಿ, ರೈಲಿನ ಪುಲ್‌ಮನ್ ಬೋಗಿಗಳಲ್ಲಿ ಪರಿಚಾರಕನಾಗಿ ದುಡಿದು, ದಕ್ಷಿಣ ಡಕೋಟದಲ್ಲಿ ನೆಲವನ್ನು ಉತ್ತು, ತಾನು ಬರೆದ ಕಾದಂಬರಿಗಳನ್ನು ಮನೆಮನೆಗೆ ಹೊತ್ತು ಮಾರಿದ ಈ ಕಪ್ಪು ಜನಾಂಗದ ಸಾಹಸಿಯು, ತನ್ನ 'ದಿ ಹೋಮ್‌ಸ್ಟೆಡರ್' ಕೃತಿಯನ್ನು ಚಿತ್ರಿಸಲು ಮುಂದೆ ಬಂದ ಲಿಂಕನ್ ಕಂಪನಿಯವರು ನಿರ್ದೇಶನವನ್ನು ತನಗೊಪ್ಪಿಸದಿರಲು, ಷೇರುಗಳನ್ನು ಮಾರಿ ಹಣ ಕೂಡಿಸಿ 1919ರಲ್ಲಿ ತಾನೇ ನಿರ್ದೇಶಕನಾದನು. ಅಲ್ಲಿಂದ 1948ರವರೆಗೆ ನಲವತ್ತಕ್ಕೂ ಮಿಕ್ಕ ಚಿತ್ರಗಳನ್ನು ಮಾಡಿದನು. ಅವುಗಳಲ್ಲಿ ಬಹುಪಾಲು ಇಂದು ನಷ್ಟವಾಗಿವೆ.

ಆರಂಭಿಸಬೇಕಾದುದು 1920ರ 'ವಿದಿನ್ ಅವರ್ ಗೇಟ್ಸ್' ಚಿತ್ರದಿಂದ. ಇದೂ ಕಳೆದುಹೋಯಿತೆಂದೇ ಭಾವಿಸಿದ್ದಾಗ ಸ್ಪೇನಿನಲ್ಲಿ ಒಂದು ಪ್ರತಿ ದೊರೆಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಅದನ್ನು ಪುನರುದ್ಧರಿಸಿತು. ಇದನ್ನು ನೋಡುವ ಮೊದಲು ನಿರ್ದೇಶಕ ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದ ಕೊನೆಯ ಭಾಗವನ್ನು ನೋಡಿರುವುದು ಒಳಿತು. ಅಲ್ಲಿ ಕಪ್ಪು ಜನರು ಆಕ್ರಮಣಕಾರರು, ಬಿಳಿಯರ ಮೇಲಾಳಿಕೆಗೆ ನಿಂತ ಕ್ಲಾನ್ ಗುಂಪಿನ ಮುಸುಕು ಹೊದ್ದ ಸವಾರರು ಉದ್ಧಾರಕರು. ಎರಡು ತಾಣಗಳ ದೃಶ್ಯಗಳನ್ನು ಒಂದಾದಮೇಲೊಂದು ಹೆಣೆದು, ರಕ್ಷಕರು ಬಂದೇ ಬರುವರೆಂಬ ಉತ್ಕಂಠೆಯನ್ನು ಬೆಳೆಸುವುದು ಅದರ ತಂತ್ರ. ಮಿಶೋ ಅದೇ ಹೆಣಿಗೆಯನ್ನು ಕೈಗೆತ್ತಿಕೊಂಡು, ಒಂದೆಡೆ ನಿರಪರಾಧಿಗಳಾದ ಲ್ಯಾಂಡ್ರಿ ದಂಪತಿಗಳನ್ನು ಜನಜಂಗುಳಿ ನೇಣಿಗೇರಿಸುವುದನ್ನೂ, ಇನ್ನೊಂದೆಡೆ ಅವರ ಸಾಕುಮಗಳೂ ಕಥಾನಾಯಕಿಯೂ ಆದ ಸಿಲ್ವಿಯಾಳ ಮೇಲೆ ಬಿಳಿಯನೊಬ್ಬನು ಎರಗುವುದನ್ನೂ ಜೋಡಿಸುತ್ತಾನೆ. ಇಲ್ಲಿ ಕುದುರೆಯೇರಿ ಬರುವ ರಕ್ಷಕರಿಲ್ಲ. ಆಕೆಯ ಎದೆಯ ಮೇಲಿನ ಗಾಯದ ಗುರುತಿನಿಂದ ಆಕೆ ತನ್ನ ಮಗಳೇ ಎಂದು ಆ ಪಾಪಿ ಅರಿಯುತ್ತಾನೆ. ಗ್ರಿಫಿತ್ ಚಿತ್ರಕ್ಕೆ ಮಿಶೋ ಕೊಟ್ಟ ಉತ್ತರವಿರುವುದು ಈ ಸಂಕಲನದಲ್ಲಿಯೇ.

ಎರಡನೆಯದಾಗಿ ಗಮನಿಸಬೇಕಾದುದು, ಲ್ಯಾಂಡ್ರಿಯ ಮೇಲೆ ಹೊರಿಸಿದ ಒಂದೇ ಕೊಲೆಯನ್ನು ಚಿತ್ರವು ಎರಡು ಬಗೆಯಾಗಿ ತೋರಿಸುವುದು: ನಡೆದಂತೆ ಒಮ್ಮೆ, ಪತ್ರಿಕೆ ವರದಿ ಮಾಡಿದಂತೆ ಇನ್ನೊಮ್ಮೆ. ತೆರೆಯ ಮೇಲೆ ಕಂಡುದೆಲ್ಲವೂ ಸತ್ಯವಲ್ಲವೆಂಬ ಪಾಠವನ್ನು ತೆರೆಯಿಂದಲೇ ಹೇಳಿಸಿದ ಚಾತುರ್ಯವಿದು. ಮೂರನೆಯದು, ಓಲ್ಡ್ ನೆಡ್ ಎಂಬ ಉಪದೇಶಕನ ಮುಖ: ಬಿಳಿಯರ ಮುಂದೆ ಹಲ್ಲುಕಿರಿದು ಒದೆತವನ್ನೂ ನಗುತ್ತ ಸಹಿಸುವ ಆತ, ಬಾಗಿಲಾಚೆ ಒಂಟಿಯಾದೊಡನೆ ತನ್ನನ್ನು ತಾನೇ ಶಪಿಸಿಕೊಳ್ಳುತ್ತಾನೆ. ಸ್ವಜನರ ಲೋಪವನ್ನೂ ಮಿಶೋ ಮರೆಮಾಚಲಿಲ್ಲ. ಷಿಕಾಗೋವಿನಲ್ಲಿ 1919ರ ಜನಾಂಗ ಗಲಭೆಯ ನೆನಪು ಹಸಿಯಾಗಿದ್ದುದರಿಂದ, ಇಂಥ ಚಿತ್ರಕ್ಕೆ ಅನುಮತಿ ನೀಡಲು ಅಲ್ಲಿಯ ಸೆನ್ಸಾರರು ಹಿಂಜರಿದುದು ಆಶ್ಚರ್ಯವಲ್ಲ.

ಬಳಿಕ 1925ರ 'ಬಾಡಿ ಅಂಡ್ ಸೋಲ್' ಚಿತ್ರಕ್ಕೆ ಹೋಗಬಹುದು. ನಟ ಪಾಲ್ ರೋಬ್ಸನ್ ಮೊದಲ ಬಾರಿಗೆ ತೆರೆಗೆ ಬಂದುದು ಇದರಲ್ಲಿ, ಅದೂ ದ್ವಿಪಾತ್ರದಲ್ಲಿ: ಪಾದ್ರಿಯ ವೇಷದ ವಂಚಕನಾಗಿಯೂ ಸಾಧುಸ್ವಭಾವದ ಸೋದರನಾಗಿಯೂ. ಒಬ್ಬನೇ ನಟನ ನಿಲುವು, ನಡೆ, ನೋಟಗಳು ಎರಡು ಪಾತ್ರಗಳಲ್ಲಿ ಹೇಗೆ ಬೇರಾಗುವುವೆಂದು ಹೋಲಿಸಿ ನೋಡತಕ್ಕದ್ದು.

ಇಷ್ಟಾದಮೇಲೆ ಮೊದಲ ಚಿತ್ರಕ್ಕೆ ಮರಳಬೇಕು. ಸಿಲ್ವಿಯಾಳ ಪೂರ್ವಕಥೆಯನ್ನು ಮಿಶೋ ಕೊನೆಯವರೆಗೂ ತಡೆಹಿಡಿದಿರುವುದರಿಂದ, ಮೊದಲ ವೀಕ್ಷಣೆಯಲ್ಲಿ ಬರಿಯ ಸಂಕೋಚವೆಂದು ತೋರಿದ ಆಕೆಯ ಹಿಂಜರಿಕೆಗಳು ಎರಡನೆಯ ವೀಕ್ಷಣೆಯಲ್ಲಿ ಅರ್ಥವತ್ತಾಗುತ್ತವೆ. ಕಥಾಸರಣಿಯಲ್ಲಿ ತೊಡಕೆಂದು ತೋರಿದುದು ನಿರ್ದೇಶಕನ ಸಂಕಲ್ಪವೆಂದು ಆಗ ಮನವರಿಕೆಯಾಗುವುದು.