ಅಡುಗೆಮನೆಗೆ ಕೇಳಿಸದ ತಂಬೂರಿ

ನಮ್ಮ ಪಡಸಾಲೆಯಲ್ಲಿ ಸೊಂಟದೆತ್ತರದ ಎರಡು ಮರದ ಸ್ಪೀಕರುಗಳಿವೆ. 1978ರಲ್ಲಿ ಮಾವನವರು ಕೊಂಡದ್ದು. ಎದುರಿನ ಕುರ್ಚಿ ಅವರದು. ಧೂಳು ಒರೆಸುವ ಕೆಲಸ ನನ್ನದು. ಗಂಗೂಬಾಯಿ ಹಾನಗಲ್ಲರನ್ನು (1913–2009) ನಾನು ಕೇಳಿದ್ದೆಲ್ಲ ಒಲೆಯ ಮುಂದೆ ನಿಂತು. ‘ಬರೀ ಗುಂಯ್‌ಗುಡುವ ಪೆಟ್ಟಿಗೆ’ ಎಂದು ತೀರ್ಪನ್ನೂ ಕೊಟ್ಟುಬಿಟ್ಟಿದ್ದೆ.

ಪೆಟ್ಟಿಗೆಯದೇನೂ ತಪ್ಪಿರಲಿಲ್ಲ. ತಗ್ಗಿನ ನಾದ ಗೋಡೆ ದಾಟಿ ಬರುತ್ತದೆ. ಮೇಲಿನ ನವಿರು ನಾದ, ಟ್ವೀಟರಿಗೆ ಎದುರಾಗಿ ಕೂತವರಿಗೇ ಚೆನ್ನಾಗಿ ಸಿಗುವುದು.

ಮಾವನವರು ಹೋದ ಮೇಲೆ, ವೂಫರಿನ ಸುತ್ತ ಪುಡಿಯಾಗಿದ್ದ ಫೋಮ್ ಬದಲಿಸಿ, ಆ ಕುರ್ಚಿಯಲ್ಲಿ ಕೂತೆ. ಗಂಗೂಬಾಯಿಯವರದು ಗಂಡುದನಿ ಎನ್ನುವವರು ಹೀಗೆ ಕೂತು ಕೇಳಬೇಕು. ಆ ಆಳದ ದನಿಯ ಅಂಚಿನಲ್ಲಿ ಉಸಿರು, ಹಿಂದೆ ಎಡೆಬಿಡದ ತಂಬೂರಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಆಳ ನಿಲುಕದು.

ದೋಷವೂ ಉಂಟು. ಮೂಲೆಗೆ ಒತ್ತಿಟ್ಟರೆ ಡಗ್ಗಾದ ಪೆಟ್ಟು ಮುದ್ದೆಯಾಗುತ್ತದೆ. ಒಂದೂವರೆ ಅಡಿ ಮುಂದಕ್ಕೆಳೆದೆ. ಓಡಾಡಲು ಜಾಗವಿಲ್ಲವೆಂದು ನಮ್ಮನೆಯವರು ಗೊಣಗಿದರು. ಗೊಣಗಲಿ.

ಅಕ್ಕತಂಗಿಯರೇ, ಯಾವ ಸಂಗೀತವನ್ನೇ ಆಗಲಿ ಚೆನ್ನಾಗಿಲ್ಲವೆನ್ನುವ ಮುನ್ನ, ಅದನ್ನು ಯಾವ ಕೋಣೆಯಲ್ಲಿ ನಿಂತು ಕೇಳಿದಿರೆಂದು ಒಮ್ಮೆ ನೆನಪಿಸಿಕೊಳ್ಳಿ.